ಸಂಜೆ ಗಾಡಿಗೆ ನಾನು ಹಚ್ಚಿದ ಕೆಂಪು

ಸೋಮವಾರ ಬೆಳಿಗ್ಗೆ ಕಾರ್ಯದರ್ಶಿಗಳ ಫೋನು ಬಂದಾಗ ನಾನು ಕಾರಡ್ಕದಲ್ಲಿ, ಟೈಲರ್ ಅಂಗಡಿಯ ಮೇಲಿನ ನನ್ನ ಕೋಣೆಯಲ್ಲಿ, ಇನ್ಯಾರದೋ ವರದಿಗೆ ಬಣ್ಣ ಆರಿಸುತ್ತ ಕೂತಿದ್ದೆ. ಸಂಸ್ಥೆಗಳ ಅಂಕಿ ಅಂಶಗಳನ್ನು ಚಾರ್ಟುಗಳಾಗಿ ಮಾಡಿ ಕೊಡುವುದು ನನ್ನ ಕೆಲಸ. ಕಾರ್ಯದರ್ಶಿಗಳು ನಿವೃತ್ತ ಹೆಡ್‌ಮಾಸ್ಟರು, ಎಲ್ಲರಿಗೂ ಮಾಷ್ಟ್ರು. ಹಾಸಿಗೆ ಹಿಡಿದ ರೋಗಿಗಳ ಮನೆಗೆ ನರ್ಸನ್ನು ಕಳಿಸುವ ಒಂದು ಪಾಲಿಯೇಟಿವ್ ಟ್ರಸ್ಟನ್ನು ಅವರು ನಡೆಸುತ್ತಾರೆ. ಬೆಳಗಿನ ಗಾಡಿ ಮುಳ್ಳೇರಿಯದ ಕಡೆಗೆ, ಸಂಜೆಯ ಗಾಡಿ ನಾಯ್ಮಾರ್ಮೂಲೆಯ ಕಡೆಗೆ. ರೋಗಿಯ ಮನೆಯವರು ಫೋನ್ ಮಾಡಿದ ದಿನವೇ ಗಾಡಿ ಮನೆಗೆ ಮುಟ್ಟಿತೋ ಇಲ್ಲವೋ ಎಂದು ತೋರಿಸುವ ಚಾರ್ಟನ್ನು ನಾನು ಮೂರು ವಾರ ಹಿಂದೆ ಮಾಡಿ ಕೊಟ್ಟಿದ್ದೆ. ಬೆಳಗಿನ ಗಾಡಿ ಹಸುರು ಬಂದಿತ್ತು. ಸಂಜೆಯದು ಕೆಂಪು.

"ಆ ಚಾರ್ಟಿನದ್ದು ಡಿಸೆಂಬರ್ ತಿಂಗಳದ್ದು ಮಾತ್ರ ಒಂದು ಪ್ರಿಂಟ್ ಬೇಕಿತ್ತು" ಎಂದರು ಮಾಷ್ಟ್ರು. "ಶನಿವಾರ ಕಮಿಟಿ ಉಂಟು. ಸಂಜೆ ಗಾಡಿ ನಿಲ್ಲಿಸುವುದು ಅಂತ ಹೆಚ್ಚುಕಡಿಮೆ ಆಗಿದೆ."

"ನಿಲ್ಲಿಸುವುದಾ? ಯಾಕೆ?"

"ಎಂತ ಯಾಕೆ? ನೀವೇ ತೋರಿಸಿದ್ದಲ್ವಾ ಕೆಂಪು. ಕರೆದ ದಿನ ಹೋಗದ ಗಾಡಿ ಇಟ್ಟುಕೊಂಡು ಎಂತ ಮಾಡುವುದು?"

ಸಂಜೆ ಗಾಡಿ ನಿಂತರೆ ಅದರ ಸಿಸ್ಟರ್‌ಗೆ ಕೆಲಸವಿಲ್ಲ. ಸಂಜೆ ಹೊತ್ತಿಗೆ ನೋವು ಏರುವ ರೋಗಿಗಳಿಗೆ ಮರುದಿನ ಬೆಳಗಿನವರೆಗೆ ಯಾರೂ ಇಲ್ಲ. ನಾನು ಆ ಬಣ್ಣ ಆರಿಸುವಾಗ ಇದೊಂದೂ ಯೋಚಿಸಿರಲಿಲ್ಲ. ಕೆಂಪು ಚೆನ್ನಾಗಿ ಎದ್ದು ಕಾಣುತ್ತದೆ ಎಂದು ಖುಷಿಪಟ್ಟಿದ್ದೆ, ಅಷ್ಟೆ.

ಪ್ರಿಂಟ್ ತೆಗೆಯಲು ಡಿಸೆಂಬರಿನ ಫಿಲ್ಟರ್ ಹಾಕಿದೆ. ಚಾರ್ಟು ಬಂತು, ಆದರೆ ಕೆಳಗಿನ ಪಟ್ಟಿಯಲ್ಲಿ ಮೂವತ್ತೊಂದನೇ ತಾರೀಕೇ ಇಲ್ಲ. ಆ ದಿನ ಯಾರಿಗೂ ನೋವು ಬರಲಿಲ್ಲ ಎಂದು ನಂಬಲು ನಾನು ತಯಾರಿರಲಿಲ್ಲ. ನವೆಂಬರ್ ಹಾಕಿ ನೋಡಿದೆ, ಮೂವತ್ತನೇ ತಾರೀಕು ಮಾಯ. ಯಾವ ತಿಂಗಳು ಹಾಕಿದರೂ ಅದರ ಕೊನೆಯ ದಿನ ನಾಪತ್ತೆ. ಮೂರು ವಾರದಿಂದ ಈ ಚಾರ್ಟನ್ನು ನಂಬಿ ಜನ ಮಾತಾಡುತ್ತಿದ್ದಾರೆ.

ತಪ್ಪು ಹುಡುಕಲು ಅರ್ಧ ಗಂಟೆ ಸಾಕಾಯಿತು, ಅದು ನನ್ನದೇ ಆಗಿದ್ದರಿಂದ ಒಪ್ಪಿಕೊಳ್ಳಲು ಇನ್ನರ್ಧ ಗಂಟೆ. ನಾವು ಬಳಸುವ ತಂತ್ರಾಂಶ ದಿನಾಂಕವನ್ನು ಒಳಗೆ ಒಂದು ಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆ. ದಿನಕ್ಕೆ ಒಂದು ಪೂರ್ಣ ಸಂಖ್ಯೆ, ಸಮಯಕ್ಕೆ ಅದರ ಮುಂದಿನ ದಶಾಂಶ. ಮಧ್ಯಾಹ್ನ ಹನ್ನೆರಡು ಎಂದರೆ ಅರ್ಧ, ಸಂಜೆ ಆರು ಎಂದರೆ ಮುಕ್ಕಾಲು. ರೋಗಿಗಳ ಕರೆಗಳು ಫೋನಿನ ಆ್ಯಪಿನಿಂದ ಸಮಯ ಸಮೇತ ಬರುತ್ತವೆ. ನಾನು ಸೂತ್ರದಲ್ಲಿ 'ಮೂವತ್ತೊಂದಕ್ಕಿಂತ ಹೆಚ್ಚಿಲ್ಲದ್ದು' ಎಂದು ಬರೆದಿದ್ದೆ. ಮೂವತ್ತೊಂದರ ಬೆಳಿಗ್ಗೆ ಒಂಬತ್ತಕ್ಕೆ ಬಂದ ಕರೆ ಮೂವತ್ತೊಂದಕ್ಕಿಂತ ಸ್ವಲ್ಪ ಹೆಚ್ಚೇ, ಹಾಗಾಗಿ ಆಚೆ. 'ಮುಂದಿನ ತಿಂಗಳ ಒಂದನೇ ತಾರೀಕಿಗಿಂತ ಕಡಿಮೆ' ಎಂದು ತಿದ್ದಿದೆ. ಕಾಣೆಯಾದ ದಿನಗಳು ಮರಳಿ ಬಂದವು.

ಕೆಂಪು ಹೋಗಲಿಲ್ಲ. ಸಂಜೆ ಗಾಡಿಯ ಸ್ಥಿತಿ ಮೊದಲಿಗಿಂತ ಹಾಳಾಯಿತು. ಮೂವತ್ತೊಂದರ ಸಂಜೆಯ ಕರೆಗಳು ಈಗ ಒಳಗೆ ಬಂದಿದ್ದವು, ಅವುಗಳಲ್ಲಿ ಹೆಚ್ಚಿನವಕ್ಕೆ ಆ ದಿನ ಯಾರೂ ಹೋಗಿರಲಿಲ್ಲ.

ಮಂಗಳವಾರ ಚಾರ್ಟನ್ನು ಮುಚ್ಚಿಟ್ಟು ಒಂದೊಂದೇ ಕರೆಯನ್ನು ಅದರ ಭೇಟಿಯ ಪಕ್ಕದಲ್ಲಿಟ್ಟು ಓದಿದೆ. ಇದನ್ನು ಮೂರು ವಾರ ಮೊದಲು ಮಾಡಬೇಕಿತ್ತು. ಮೂವತ್ತೊಂದರ ಸಂಜೆ ಆರು ಹತ್ತಕ್ಕೆ ಕರೆ, ಒಂದನೇ ತಾರೀಕು ಸಂಜೆ ಏಳು ಇಪ್ಪತ್ತಕ್ಕೆ ಭೇಟಿ. ಹದಿನೈದರ ಐದು ನಲವತ್ತಕ್ಕೆ ಕರೆ, ಹದಿನಾರರ ಏಳಕ್ಕೆ ಭೇಟಿ. ತಡವಾದದ್ದೆಲ್ಲ ಸರಿಯಾಗಿ ಒಂದು ದಿನ ಮತ್ತು ಒಂದು ಗಂಟೆಯ ಆಸುಪಾಸು. ಸಂಜೆ ನಾಲ್ಕು ಐದರ ಭೇಟಿಗಳು ಮಾತ್ರ ಕರೆದ ದಿನವೇ ಆಗಿದ್ದವು. ಸೋಮಾರಿತನಕ್ಕೆ ಇಷ್ಟು ಶಿಸ್ತು ಇರುವುದಿಲ್ಲ.

ಆಗ ನನಗೆ ಹೊಳೆದದ್ದು ಈ ಮಾಹಿತಿಯೆಲ್ಲ ಕೂಡಿರುವ ದೂರದ ಕಂಪ್ಯೂಟರು, ಸರ್ವರ್. ಅದರ ಗಡಿಯಾರ ಗ್ರೀನಿಚ್ಚಿನದು, ನಮ್ಮ ಗಂಟೆಗೂ ಅದಕ್ಕೂ ಐದೂವರೆ ಗಂಟೆಯ ವ್ಯತ್ಯಾಸ. ಎಲ್ಲೋ ಆ ಐದೂವರೆಯನ್ನು ಎರಡು ಸಲ ಕೂಡಿಸಿದರೆ ಸಂಜೆ ಆರೂವರೆ ಆದ ಮೇಲಿನದ್ದೆಲ್ಲ ಮರುದಿನಕ್ಕೆ ದಾಟಿಬಿಡುತ್ತದೆ. ಲೆಕ್ಕ ಬೀಗಕ್ಕೆ ಕೀಲಿ ಕೂತಂತೆ ಕೂತಿತು. ಸಮಯ ಆರೂವರೆ ದಾಟಿದ್ದರೆ ಭೇಟಿಯ ದಿನಾಂಕದಿಂದ ಒಂದು ಕಳೆ ಎಂದು ಸೂತ್ರಕ್ಕೆ ಸೇರಿಸಿದೆ. ಡಿಸೆಂಬರಿನ ಪಟ್ಟಿ ಹಸುರಾಯಿತು. ಕೂಡಲೇ ಮಾಷ್ಟ್ರಿಗೆ ಫೋನ್ ಮಾಡಿ, ಅದು ಸರ್ವರಿನ ತಪ್ಪು, ನಾನು ಹಿಡಿದೆ ಎಂದು ಕೊಚ್ಚಿಕೊಂಡೆ.

ಫೋನ್ ಇಟ್ಟ ಮೇಲೆ ಉಳಿದ ತಿಂಗಳುಗಳನ್ನು ನೋಡಿದೆ. ಜೂನಿನಲ್ಲಿ ಕರೆ ಬರುವ ಹಿಂದಿನ ದಿನವೇ ಸಿಸ್ಟರ್ ಮನೆ ಮುಟ್ಟಿದ್ದರು, ಅದೂ ಒಂದೆರಡು ಸಲ ಅಲ್ಲ. ಜೂನಿನ ಆರು ನಲವತ್ತರ ಭೇಟಿಗೆ ಅದೇ ದಿನದ ತಾರೀಕಿತ್ತು, ನಾನದನ್ನು ಹಿಂದಕ್ಕೆ ತಳ್ಳಿದ್ದೆ. ನವೆಂಬರಿನಲ್ಲಿ ಆರು ಹದಿನೈದರ ಭೇಟಿಯೇ ಮರುದಿನಕ್ಕೆ ಹೋಗಿತ್ತು. ದಿನ ದಾಟುವ ಗೆರೆ ಒಂದು ಕಡೆ ನಿಲ್ಲುತ್ತಿರಲಿಲ್ಲ, ಮಳೆಗಾಲದಲ್ಲಿ ಮುಂದೆ, ಚಳಿಗಾಲದಲ್ಲಿ ಹಿಂದೆ. ಯಾವ ಸರ್ವರೂ ಋತು ನೋಡಿ ತಪ್ಪು ಮಾಡುವುದಿಲ್ಲ. ಕೊಚ್ಚಿಕೊಂಡದ್ದನ್ನು ನುಂಗಿಕೊಳ್ಳಲು ಮತ್ತೆ ಮಾಷ್ಟ್ರಿಗೆ ಫೋನ್ ಮಾಡಬೇಕಾಯಿತು. ಅವರು "ಹ್ಞಾ, ಆಯ್ತು" ಎಂದರು. ಆ ಹ್ಞಾ ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಭೇಟಿಯ ವಿವರ ಆ್ಯಪಿನಿಂದ ಬರುವುದಲ್ಲ, ಸಿಸ್ಟರ್ ಕೈಯಲ್ಲಿ ಬರೆದ ಪುಸ್ತಕದಿಂದ ಬರುವುದು ಎಂದು ನನಗೆ ಗೊತ್ತಾದದ್ದು ಬುಧವಾರ. ಪುಟಗಳ ಫೋಟೊ ತಿಂಗಳಿಗೊಮ್ಮೆ ಟ್ರಸ್ಟಿನ ಆಫೀಸಿಗೆ ಬರುತ್ತದೆ, ಅಲ್ಲಿ ಟೈಪ್ ಮಾಡುವಾಕೆ ಅದನ್ನು ಕಂಪ್ಯೂಟರಿಗೆ ಏರಿಸುತ್ತಾಳೆ.

"ನಾನು ಪುಸ್ತಕದಲ್ಲಿ ಇದ್ದ ಹಾಗೆ ಹೊಡೆಯುವುದು ಮೇಡಂ" ಎಂದಳು ಆಕೆ, ನಾನು ಕೇಳುವ ಮೊದಲೇ.

ಡಿಸೆಂಬರಿನ ಫೋಟೊ ಕಳಿಸಲು ಹೇಳಿದೆ. ಅಕ್ಷರ ಮುತ್ತಿನಂತಿತ್ತು. ದಿನಕ್ಕೊಂದು ಪುಟ, ತಾರೀಕು ಮೇಲೆ ನಡುವಿನಲ್ಲಿ, ಕೆಳಗೆ ಸಾಲಾಗಿ ಸಮಯ, ಟ್ರಿಪ್ ನಂಬರ್, ರೋಗಿಯ ಮನೆ, ಮಾಡಿದ ಆರೈಕೆ. ಆದರೆ ಪ್ರತಿ ಪುಟದಲ್ಲೂ ಮೊದಲ ಸಾಲು ರಾತ್ರಿ ಏಳು ಗಂಟೆಯದು, ಎರಡನೆಯದು ಎಂಟರದು, ಅವುಗಳ ಕೆಳಗೆ ಸಂಜೆ ನಾಲ್ಕೂವರೆ, ಐದು ಕಾಲು. ದಿನವಿಡೀ ತಲೆಕೆಳಗು. ನನಗೆ ತಲೆಬುಡ ತಿಳಿಯಲಿಲ್ಲ. ತಿಳಿಯದ್ದನ್ನು ನನ್ನಲ್ಲೇ ಇಟ್ಟುಕೊಳ್ಳುವುದು ಬಿಟ್ಟು ಫೋಟೊವನ್ನು ಮಾಷ್ಟ್ರಿಗೆ ಕಳಿಸಿ ಇದು ಹೀಗೇಕೆ ಎಂದು ಕೇಳಿದೆ.

ಅವರು ಸ್ವಲ್ಪ ಹೊತ್ತು ಬಿಟ್ಟು ಫೋನ್ ಮಾಡಿದರು. ಸ್ವರ ಬದಲಾಗಿತ್ತು. "ಹೋಗಿ ಬಂದು ಬರೆದದ್ದಲ್ಲ ಇದು. ಮನೆಯಲ್ಲಿ ಕೂತು ಒಟ್ಟಿಗೆ ತುಂಬಿಸಿದ್ದಿರಬೇಕು. ಎಷ್ಟು ವರ್ಷ ನಂಬಿದ್ದೆವು ಆ ಸಿಸ್ಟರನ್ನು. ಶನಿವಾರ ಅವರನ್ನೇ ಕರೆಸಿ ಕೇಳುವ."

ಅಲ್ಲಿಗೆ ವಿಷಯ ತಡವಾದ ಗಾಡಿಯಿಂದ ಸುಳ್ಳು ಬರೆದ ನರ್ಸಿಗೆ ಬಂದು ನಿಂತಿತು, ತಂದು ನಿಲ್ಲಿಸಿದವಳು ನಾನು. ಹಾಗಿರಲಿಕ್ಕಿಲ್ಲ ಮಾಷ್ಟ್ರೇ ಎಂದೆ, ಮತ್ತೆ ಹೇಗೆ ಎಂದು ಅವರು ಕೇಳಿದರು. ಇನ್ನು ಸೂತ್ರ ತಿದ್ದುತ್ತ ಕೂತರೆ ತಪ್ಪಿನ ಮೇಲೆ ತಪ್ಪು ಪೇರಿಸುತ್ತೇನೆಂದು ಖಾತ್ರಿಯಾಯಿತು. ಕಂಪ್ಯೂಟರ್ ಮುಚ್ಚಿ, ಸಂಜೆ ಗಾಡಿಯಲ್ಲಿ ಒಂದು ದಿನ ಕೂತು ಬರುತ್ತೇನೆಂದು ಮಾಷ್ಟ್ರನ್ನು ಕೇಳಿದೆ. ಈ ಕೆಲಸಕ್ಕೆ ಸೇರಿದ ಮೇಲೆ ಅಂಕಿಯ ಹಿಂದೆ ನಾನು ಕೋಣೆ ಬಿಟ್ಟು ಹೊರಟದ್ದು ಅದೇ ಮೊದಲು.

ಗುರುವಾರ ಸಂಜೆ ನಾಲ್ಕಕ್ಕೆ ನಾಯ್ಮಾರ್ಮೂಲೆಯ ಪೇಟೆಯಲ್ಲಿ ಗಾಡಿ ಹತ್ತಿದೆ. ಡ್ರೈವರಣ್ಣ ಸ್ಟೀರಿಂಗಿಗೆ ಒರಗಿಸಿದ ಹಲಗೆಯಲ್ಲಿ ಟ್ರಿಪ್ ಶೀಟ್ ಬರೆಯುತ್ತಿದ್ದರು, ಹೊರಟ ಸಮಯ, ಮೀಟರಿನ ಕಿಲೋಮೀಟರು, ಟ್ರಿಪ್ ನಂಬರ್. ಸಿಸ್ಟರಿಗೆ ಐವತ್ತರ ಆಸುಪಾಸು, ಕರಾವಳಿಯ ಬ್ಯಾರಿ ಮುಸ್ಲಿಮರ ಮನೆತನದವರು. ತಲೆಗೆ ಬಿಳಿ ಶಾಲು, ಮಡಿಲಲ್ಲಿ ದಪ್ಪ ರಟ್ಟಿನ ಆ ಪುಸ್ತಕ.

"ನೀವು ಆಫೀಸಿನವರಾ ಮೇಡಂ?"

"ಪುಸ್ತಕ ಹೇಗೆ ಬರೆಯುವುದು ಅಂತ ನೋಡ್ಲಿಕ್ಕೆ ಬಂದದ್ದು" ಎಂದೆ. ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ.

"ನೋಡಿ ನೋಡಿ. ಕಂಪ್ಯೂಟರಿನಲ್ಲಿ ಯಾರೋ ನಮ್ಮ ಗಾಡಿಗೆ ಕೆಂಪು ಹಾಕಿದ್ದಾರಂತೆ. ಎಂತಕ್ಕೆ ಅಂತ ಮಾತ್ರ ಯಾರೂ ಹೇಳುವುದಿಲ್ಲ."

ಡ್ರೈವರಣ್ಣ ಕನ್ನಡಿಯಲ್ಲಿ ನನ್ನನ್ನು ಒಮ್ಮೆ ನೋಡಿ ಗೇರ್ ಹಾಕಿದರು. ನಾನೇ ಹಾಕಿದ್ದು ಎಂದು ಹೇಳಲು ಅದು ಸರಿಯಾದ ಹೊತ್ತಾಗಿತ್ತು. ನನಗೆ ಧೈರ್ಯ ಬರಲಿಲ್ಲ, ಕಿಟಕಿಯ ಆಚೆ ನೋಡಿದೆ.

ಮೊದಲಿನ ಎರಡು ಮನೆಗಳಲ್ಲಿ ಹುಣ್ಣು ತೊಳೆದು ಬ್ಯಾಂಡೇಜು, ಮೂತ್ರದ ನಳಿಗೆ ಬದಲಾಯಿಸುವುದು. ಎರಡೂ ಕಡೆ ಹೊರಡುವ ಮೊದಲು ಜಗಲಿಯಲ್ಲೇ ನಿಂತು ಸಿಸ್ಟರ್ ಪುಸ್ತಕ ಬರೆದರು. ಮನೆಯಲ್ಲಿ ಕೂತು ತುಂಬಿಸಿದ್ದಲ್ಲ ಎಂಬುದು ಅಷ್ಟಕ್ಕೇ ಖಚಿತವಾಯಿತು. ಮೂರನೆಯ ಮನೆಯಿಂದ ಆರಕ್ಕೆ ಕರೆ ಬಂದಿತ್ತು. ಹಿಂದೆ ಗಲ್ಫಿನಲ್ಲಿದ್ದ ಒಬ್ಬ ಮುದುಕರು, ದವಡೆಯ ಗಡ್ಡೆ, ಮಾತು ಹೊರಡುವುದಿಲ್ಲ. ನಾವು ಮುಟ್ಟಿದಾಗ ಅವರು ಮುಷ್ಟಿಯಲ್ಲಿ ಹೊದಿಕೆಯನ್ನು ಹಿಂಡುತ್ತಿದ್ದರು. ಸಿಸ್ಟರ್ ಪಕ್ಕದಲ್ಲಿ ಕೂತು ಬ್ಯಾರಿ ಭಾಷೆಯಲ್ಲಿ ಏನೋ ಮೆಲ್ಲನೆ ಹೇಳುತ್ತ ಔಷಧ ಕೊಟ್ಟರು. ಅಷ್ಟರಲ್ಲಿ ಪಳ್ಳಿಯಿಂದ ಸಂಜೆಯ ಮಗ್ರಿಬ್ ನಮಾಜಿನ ಬಾಂಗು ಕೇಳಿತು. ಮುದುಕರ ಮುಷ್ಟಿ ಸಡಿಲಾಗುವವರೆಗೆ ಸಿಸ್ಟರ್ ಕದಲಲಿಲ್ಲ. ಆಮೇಲೆ ಒಳಕೋಣೆಯಲ್ಲಿ ನಮಾಜು ಮುಗಿಸಿ ಬಂದು ಪುಸ್ತಕ ತೆರೆದರು.

ಪುಟದಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚು ಜಾಗವಿತ್ತು. ಅವರು ಕೊನೆಯ ಸಾಲಿನಡಿ ಅಡ್ಡಗೆರೆ ಎಳೆದು, ಪುಟ ತಿರುಗಿಸಿ, ಹೊಸ ಪುಟದ ಮೇಲೆ ನಾಳೆಯ ತಾರೀಕು ಬರೆದರು.

"ಸಿಸ್ಟರ್, ಇವತ್ತು ಗುರುವಾರ ಅಲ್ವಾ?"

"ಬಾಂಗು ಆಯ್ತಲ್ಲ ಮೇಡಂ. ಶುಕ್ರವಾರ ಹಿಡಿಯಿತು."

ಅವರಿಗೆ ನನ್ನ ಪ್ರಶ್ನೆಯೇ ವಿಚಿತ್ರವೆನಿಸಿದಂತಿತ್ತು. ಈ ಗಾಡಿ ಶುರುವಾದಾಗ ಮದ್ರಸದಲ್ಲಿ ಕಲಿಸುವ ಉಸ್ತಾದರೊಬ್ಬರು ಸೇವೆಗೆಂದು ಪುಸ್ತಕ ಬರೆಯುತ್ತಿದ್ದರಂತೆ. ಮಗ್ರಿಬಿಗೆ ದಿನ ಮುಗಿಯಿತು, ಗೆರೆ ಎಳೆ, ಪುಟ ತಿರುಗಿಸು ಎಂದು ಕಲಿಸಿದವರು ಅವರು. "ಆಸ್ಪತ್ರೆಯ ಚೀಟಿಗೆಲ್ಲ ಕ್ಯಾಲೆಂಡರಿನ ತಾರೀಕೇ ಹಾಕುವುದು. ಈ ಪುಸ್ತಕ ಮಾತ್ರ ಮೊದಲಿನಿಂದ ಹೀಗೆ. ನಮ್ಮ ಮನೆಗಳಲ್ಲೂ ರಾತ್ರಿ ಅಂದರೆ ಮರುದಿನದ್ದೇ ಅಲ್ವಾ. ಯಾಕೆ, ತಪ್ಪಾ?"

"ತಪ್ಪಲ್ಲ" ಎಂದೆ. ಋತು ನೋಡಿ ಸರಿಯುವ ಆ ಗೆರೆ ಸೂರ್ಯ ಮುಳುಗುವ ಹೊತ್ತು. ಪಳ್ಳಿಯ ಬಾಂಗು ಕೇಳುತ್ತಲೇ ಬೆಳೆದ ಊರಿನವಳು ನಾನು. ಗ್ರೀನಿಚ್ಚಿನವರೆಗೆ ಹೋಗಿ ಹುಡುಕಿದವಳಿಗೆ ಮಗ್ಗುಲ ಮನೆಯ ದಿನ ಎಲ್ಲಿಂದ ಶುರುವಾಗುತ್ತದೆಂದು ಗೊತ್ತಿರಲಿಲ್ಲ.

ಪುಸ್ತಕ ಎಷ್ಟೋ ವರ್ಷ ಸರಿಯಾಗಿಯೇ ನಡೆದಿತ್ತು. ಆ್ಯಪು ಬಂದು, ಎರಡನ್ನೂ ಒಂದೇ ಸೂತ್ರದಲ್ಲಿ ನಾನು ಎದುರುಬದುರು ಕೂರಿಸಿದ ಮೇಲೆ ಅದು ತಪ್ಪಾಯಿತು.

ಶುಕ್ರವಾರ ಬೆಳಿಗ್ಗೆ ನಮಾಜಿನ ವೇಳಾಪಟ್ಟಿಯ ಕಾರ್ಡೊಂದನ್ನು ತಂದು ವರ್ಷದ ಎಲ್ಲ ದಿನಗಳ ಮಗ್ರಿಬ್ ಸಮಯವನ್ನು ಕಂಪ್ಯೂಟರಿಗೆ ಏರಿಸಿದೆ. ಭೇಟಿ ಆ ಹೊತ್ತಿನ ನಂತರದ್ದಾದರೆ ದಿನಾಂಕದಿಂದ ಒಂದು ಕಳೆ. ಜೂನೂ ಸರಿಯಾಯಿತು, ನವೆಂಬರೂ ಸರಿಯಾಯಿತು. ಈ ಸಲ ಯಾರಿಗೂ ಫೋನ್ ಮಾಡಲಿಲ್ಲ. ಬುದ್ಧಿ ಬಂದಿತ್ತು. ಆಗಸ್ಟಿನಲ್ಲಿ ಹತ್ತು ದಿನ ಮತ್ತೆ ಕರೆಗಿಂತ ಮೊದಲೇ ಭೇಟಿ ಬಂತು. ಆಫೀಸಿಗೆ ಕೇಳಿದರೆ, ಆ ಹತ್ತು ದಿನ ಸಿಸ್ಟರ್ ರಜೆಯಲ್ಲಿದ್ದರು, ಬದಲಿಗೆ ಬೆಳಗಿನ ಗಾಡಿಯ ನರ್ಸ್ ಹೋಗಿದ್ದರು. ಅವರು ಅದೇ ಪುಸ್ತಕದಲ್ಲಿ ಕ್ಯಾಲೆಂಡರಿನ ತಾರೀಕು ಹಾಕಿದ್ದರು. ಅಂದರೆ ತಾರೀಕಿನ ಅರ್ಥ ಪೆನ್ನು ಯಾರ ಕೈಯಲ್ಲಿದೆ ಎಂಬುದರ ಮೇಲೆ ನಿಂತಿತ್ತು. ಆ ಹತ್ತು ದಿನಕ್ಕೊಂದು ಅಪವಾದ ಬರೆಯಲು ಕೈ ಹೋಯಿತು. ಇನ್ನೊಂದು ರಜೆ ಬಂದರೆ ಇನ್ನೊಂದು ಅಪವಾದ, ನಾನು ಮರೆತ ದಿನ ಮತ್ತೆ ಕೆಂಪು.

ಅಪವಾದ ಬರೆಯಲಿಲ್ಲ. ಪುಸ್ತಕದ ತಾರೀಕನ್ನು ತಿದ್ದುವ ಯೋಚನೆಯನ್ನೇ ಬಿಟ್ಟುಬಿಟ್ಟೆ. ಸ್ಟೀರಿಂಗಿಗೆ ಒರಗಿಸಿದ ಹಲಗೆ ನೆನಪಾಯಿತು. ಡ್ರೈವರಣ್ಣನ ಶೀಟಿನಲ್ಲಿ ಪ್ರತಿ ಟ್ರಿಪ್ಪಿಗೂ ಕ್ಯಾಲೆಂಡರಿನ ತಾರೀಕಿದೆ, ಸಿಸ್ಟರ ಪುಸ್ತಕದ ಪ್ರತಿ ಸಾಲಿನಲ್ಲೂ ಅದೇ ಟ್ರಿಪ್ ನಂಬರಿದೆ. ಮಗ್ರಿಬಿನ ಪಟ್ಟಿ, ಕಳೆಯುವ ಕೂಡುವ ಸೂತ್ರ ಎಲ್ಲ ಅಳಿಸಿದೆ. ಟ್ರಿಪ್ ನಂಬರ್ ಹಿಡಿದು ಶೀಟಿನ ತಾರೀಕು ತೆಗೆದುಕೋ ಎಂಬ ಒಂದೇ ಸಾಲು ಉಳಿಯಿತು. ವರ್ಷದ ಶೀಟುಗಳನ್ನು ಆಫೀಸಿನ ಕಪಾಟಿನಿಂದ ತೆಗೆಸಿ, ಟೈಪ್ ಮಾಡುವಾಕೆಯೂ ನಾನೂ ಎದುರುಬದುರು ಕೂತು ನಂಬರ್ ಓದಿ ನಂಬರ್ ಹೊಡೆದೆವು. ಶನಿವಾರ ಮಧ್ಯಾಹ್ನ ಊಟದ ಹೊತ್ತಿಗೆ ಮುಗಿಯಿತು. ಕರೆಗಿಂತ ಮೊದಲಿನ ಭೇಟಿ ಒಂದೂ ಉಳಿಯಲಿಲ್ಲ. ನಿಜವಾಗಿ ತಡವಾದ ಕೆಲವು ಉಳಿದವು, ಗಾಡಿ ಕೆಟ್ಟ ದಿನಗಳದ್ದು, ಒಟ್ಟಿಗೆ ಮೂರು ಕರೆ ಬಂದ ದಿನಗಳದ್ದು. ಅವು ಉಳಿದದ್ದು ನೋಡಿ ನನಗೆ ಸಮಾಧಾನವೇ ಆಯಿತು. ಪೂರ್ತಿ ಹಸುರು ಬಂದಿದ್ದರೆ ಇನ್ನೊಂದು ತಪ್ಪು ಹುಡುಕುತ್ತಿದ್ದೆ.

ಮೂರು ಗಂಟೆಗೆ ಕಮಿಟಿ. ಸಿಸ್ಟರನ್ನು ಹೊರಗೆ ಬೆಂಚಿನಲ್ಲಿ ಕೂರಿಸಿದ್ದರು. ಹಳೆಯ ಚಾರ್ಟು, ಹೊಸ ಚಾರ್ಟು ಎರಡನ್ನೂ ಮೇಜಿನ ಮೇಲಿಟ್ಟೆ.

ಕಮಿಟಿಯಲ್ಲಿದ್ದ ಬಟ್ಟೆ ವ್ಯಾಪಾರಿಯೊಬ್ಬರು ಎರಡನ್ನೂ ಅಕ್ಕಪಕ್ಕ ಹಿಡಿದು ನೋಡಿದರು. "ಮೊನ್ನೆ ಕೆಂಪು ಅಂದ್ರಿ. ಇವತ್ತು ಹಸುರು ಅಂತೀರಿ. ನಾಳೆ ಎಂತ ಬಣ್ಣ ಬರ್ಲಿಕ್ಕುಂಟು?"

ಕೇಳಬೇಕಾದ ಪ್ರಶ್ನೆಯೇ. "ಬಣ್ಣ ನಂಬಬೇಡಿ" ಎಂದೆ. "ಯಾವುದಾದರೂ ಒಂದು ದಿನ ನೀವೇ ಹೇಳಿ. ಕಾಗದ ತೆಗೆದು ನೋಡುವ."

ಅವರು ಡಿಸೆಂಬರ್ ಮೂವತ್ತೊಂದು ಎಂದರು. ವರ್ಷದ ಕೊನೆಯ ದಿನ ಯಾರೂ ಕೆಲಸ ಮಾಡಿರಲಿಕ್ಕಿಲ್ಲ ಎಂಬ ಲೆಕ್ಕ ಇರಬೇಕು. ಆ್ಯಪಿನ ಪಟ್ಟಿಯಲ್ಲಿ ಕರೆ ಆರು ಹತ್ತಕ್ಕೆ. ಟ್ರಿಪ್ ಶೀಟಿನಲ್ಲಿ ಅದೇ ಮೂವತ್ತೊಂದನೇ ತಾರೀಕು, ಗಾಡಿ ಮನೆ ಮುಟ್ಟಿದ್ದು ಏಳು ಹದಿನೈದಕ್ಕೆ. ಸಿಸ್ಟರ ಪುಸ್ತಕದಲ್ಲಿ ಅದೇ ಟ್ರಿಪ್ ನಂಬರು, ಏಳು ಇಪ್ಪತ್ತು, ಮೇಲೆ ಜನವರಿ ಒಂದು. ವ್ಯಾಪಾರಿ ಮೂರೂ ಕಾಗದಗಳ ಮೇಲೆ ಬೆರಳಾಡಿಸಿ ಪುಸ್ತಕದ ತಾರೀಕಿನಲ್ಲಿ ನಿಂತರು. ಅವರೂ ಬ್ಯಾರಿ. ನಾನು ವಿವರಿಸಲು ಬಾಯಿ ತೆರೆಯುವ ಮೊದಲೇ, "ಮಗ್ರಿಬ್ ಆಗಿತ್ತು" ಎಂದು ಪುಸ್ತಕ ಮಾಷ್ಟ್ರ ಕಡೆಗೆ ತಳ್ಳಿದರು.

ಮಾಷ್ಟ್ರು ಆ ಪುಟವನ್ನೂ ಟ್ರಿಪ್ ಶೀಟನ್ನೂ ಅಕ್ಕಪಕ್ಕ ಇಟ್ಟು ನೋಡಿದರು. "ಹಾಗಾದರೆ ತಪ್ಪು ಯಾರದ್ದು?"

'ಡೇಟಾದಲ್ಲಿ ಸಮಸ್ಯೆ ಇತ್ತು' ಎಂಬ ಮಾತು ನಮ್ಮ ಕಸುಬಿನಲ್ಲಿ ಸದಾ ತಯಾರಿರುತ್ತದೆ. ಯಾರಿಗೂ ನೋಯುವುದಿಲ್ಲ, ಯಾರೂ ಸಿಕ್ಕಿಬೀಳುವುದಿಲ್ಲ. ಅದು ನಾಲಿಗೆಯ ತುದಿಗೆ ಬಂದಿತ್ತು.

"ನನ್ನದು ಮಾಷ್ಟ್ರೇ. ಪುಸ್ತಕ ಒಮ್ಮೆಯೂ ನೋಡದೆ ಚಾರ್ಟ್ ಮಾಡಿದೆ. ಸಿಸ್ಟರ್ ಕರೆದ ದಿನವೇ ಹೋಗಿದ್ದಾರೆ."

ಗಾಡಿ ಮುಂದುವರಿಯಲಿ ಎಂದು ಬರೆದುಕೊಂಡರು. ಇನ್ನು ಮೇಲಾದರೂ ಎಲ್ಲರ ಹಾಗೆ ತಾರೀಕು ಹಾಕಲು ಸಿಸ್ಟರಿಗೆ ಹೇಳಬೇಕಾ ಎಂದು ಮಾಷ್ಟ್ರು ಕೇಳಿದರು. ಬೇಡ, ಟ್ರಿಪ್ ನಂಬರ್ ಬರೆದರೆ ಸಾಕು ಎಂದೆ.

ಪುಸ್ತಕ ಹಿಡಿದುಕೊಂಡು ಹೊರಗೆ ಬಂದಾಗ ಸಿಸ್ಟರ್ ಇನ್ನೂ ಬೆಂಚಿನಲ್ಲೇ ಇದ್ದರು. ಕೈಗಳು ಮಡಿಲಲ್ಲಿ ಒಂದನ್ನೊಂದು ಬಿಗಿಯಾಗಿ ಹಿಡಿದಿದ್ದವು. ಗಾಡಿ ನಿಲ್ಲುವುದಿಲ್ಲ ಎಂದು ಹೇಳಿದೆ. ಅವರು ಕಣ್ಣು ಮುಚ್ಚಿ ತುಟಿಯಲ್ಲೇ ಏನೋ ಹೇಳಿಕೊಂಡರು. ಅವರು ಕಣ್ಣು ತೆರೆಯುವವರೆಗೆ ಕಾದೆ.

"ಸಿಸ್ಟರ್, ಆ ಕೆಂಪು ಹಾಕಿದ್ದು ನಾನೇ."

"ಗೊತ್ತುಂಟು. ನೀವು ಹತ್ತುವ ಮೊದಲೇ ಡ್ರೈವರಣ್ಣ ಹೇಳಿದ್ದರು."

ನನಗೆ ನೆಲ ಬಿರಿದು ನುಂಗಬಾರದೇ ಅನಿಸಿತು. "ಮತ್ತೆ ಯಾಕೆ ಎಂತದ್ದೂ ಹೇಳ್ಲಿಲ್ಲ?"

"ಇಷ್ಟು ವರ್ಷದಲ್ಲಿ ಪುಸ್ತಕ ನೋಡ್ಲಿಕ್ಕೆ ಅಂತ ಒಬ್ಬರು ಬಂದದ್ದು ಅದೇ ಮೊದಲು ಮೇಡಂ. ಬೈದರೆ ನೋಡದೆ ಹೋಗ್ತೀರಿ ಅಂತ."

ಅಷ್ಟರಲ್ಲಿ ಅವರ ಫೋನು ಹೊಡೆಯಿತು. ದವಡೆ ಗಡ್ಡೆಯ ಮುದುಕರ ಮನೆಯಿಂದ. ಅವರು ಮಾತಾಡುತ್ತಲೇ ಎದ್ದು, ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು ಗಾಡಿಯ ಕಡೆ ನಡೆದರು. ನಾನು ಗಂಟೆ ನೋಡಿದೆ. ನಾಲ್ಕು ನಲವತ್ತು, ಶನಿವಾರ. ಸಿಸ್ಟರ ಪುಸ್ತಕದಲ್ಲೂ ಇನ್ನೂ ಶನಿವಾರವೇ.